ತಕ್ಕಡಿ ತಾತ ಮನೆಗಾಡಿ ತೂಗಿದ್ದು

ತಕ್ಕಡಿ ತಾತ ಕಣ್ಣಲ್ಲೇ ತೂಗುವವನು. ಇದು ಹೊಗಳಿಕೆಯಲ್ಲ, ಅಜ್ಜಿಯ ದೂರು. ಮದುವೆಯ ದಿನ ಲೋಕದ ಗಂಡಂದಿರೆಲ್ಲ ಹೆಂಡತಿಯ ಮುಖ ನೋಡಿದರೆ, ಈ ಪುಣ್ಯಾತ್ಮ ಮೇಲಿಂದ ಕೆಳಗೆ ಒಮ್ಮೆ ನೋಡಿ, "ನಲವತ್ತಾರೂವರೆ" ಅಂದನಂತೆ. ಮನಸ್ಸಿನಲ್ಲೇ ಅಂದುಕೊಂಡಿದ್ದರೆ ಚಿಂತೆಯಿರಲಿಲ್ಲ, ಬಾಯಿಬಿಟ್ಟು ಅಂದ. ಮೂವತ್ತೆಂಟು ವರ್ಷವಾದರೂ ಅಜ್ಜಿ ಅದನ್ನು ಮರೆತಿಲ್ಲ. ಅರ್ಧ ಕೆಜಿ ಹೆಚ್ಚಿಗೆ ಹೇಳಿದ ಅನ್ನುವುದು ಅವಳ ತಕರಾರು.

ಅವನದೂ ತಪ್ಪಲ್ಲ. ಹುಡುಗನಾಗಿದ್ದಾಗಲೇ ಅಂಗಡಿಯಲ್ಲಿ ತಕ್ಕಡಿ ಹಿಡಿದವನು, ಆಮೇಲೆ ಮೂವತ್ತೊಂದು ವರ್ಷ ಹೆದ್ದಾರಿಯ ಪಕ್ಕದ ವೇಬ್ರಿಡ್ಜಿನಲ್ಲಿ ಕೂತು ಲಾರಿ ತೂಗಿದವನು. ಲಾರಿಯವರ ಬಾಯಲ್ಲಿ ಅದು ಕಾಟಾ. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಉಕ್ಕಿನ ಹಾಸು. ಪಕ್ಕದಲ್ಲಿ ಒಂದು ಕೋಣೆ, ಕೋಣೆಗಿಂತ ಅದರ ಕಿಟಕಿಯೇ ದೊಡ್ಡದು. ಒಳಗೆ ಕುರ್ಚಿ, ಕೆಂಪು ಅಂಕಿ ಮಿನುಗುವ ಪೆಟ್ಟಿಗೆ, ಚೀಟಿ ಉಗುಳುವ ಯಂತ್ರ, ಒಂದು ಮೈಕು. ಲಾರಿ ಹತ್ತುತ್ತದೆ, ಅಂಕಿ ಐದೈದು ಕೆಜಿಯ ಹೆಜ್ಜೆಯಲ್ಲಿ ಓಡಿ ನಿಲ್ಲುತ್ತದೆ, ಚೀಟಿ ಬರುತ್ತದೆ. ತಾತ ಮೈಕಿನಲ್ಲಿ, "ಆಯ್ತು, ಮುಂದೆ ಹೋಗಿ" ಅನ್ನುತ್ತಾನೆ. ಲಾರಿ ಹೋಗುತ್ತದೆ. ಅವನ ಇಡೀ ಬದುಕು ಇಷ್ಟು.

ಅವನ ಖ್ಯಾತಿ ಮಾತ್ರ ಇಷ್ಟಕ್ಕೆ ನಿಲ್ಲಲಿಲ್ಲ. ಲಾರಿ ಕಾಟಾ ಹತ್ತುವ ರೀತಿ ನೋಡಿಯೇ ಡ್ರೈವರು ಬೆಳಿಗ್ಗೆ ತಿಂಡಿ ತಿಂದಿದ್ದಾನೋ ಇಲ್ಲವೋ ಹೇಳುತ್ತಿದ್ದನಂತೆ. ಒಮ್ಮೆ ಮಿತಿಗಿಂತ ಚೂರು ಹೆಚ್ಚಾಯಿತೆಂದು ಒಬ್ಬ ಡ್ರೈವರು ಅಲ್ಲೇ ಮೀಸೆ ಬೋಳಿಸಿಕೊಂಡು ಬಂದು, "ಈಗ ನೋಡಿ ಸ್ವಾಮೀ" ಅಂದನಂತೆ. ತಾತ ಅವನನ್ನು ಬಿಡಲಿಲ್ಲ. ಬೋಳಿಸಿದ ಮೀಸೆ ಇನ್ನೂ ಅವನ ಜೇಬಿನಲ್ಲೇ ಇತ್ತಂತೆ.

ಈ ಕೆಲಸಕ್ಕೆ ಬಂದವರಿಗೆಲ್ಲ ತಾತ ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: ತೂಗುವವನು ಹಾಸಿನ ಮೇಲೆ ಕಾಲಿಡಬಾರದು. ಹಾಸಿನ ಮೇಲೆ ನಿಂತವನು ಸರಕು, ಕೆಳಗೆ ನಿಂತವನು ಕಾಟಾದವನು. ಆ ಮೂವತ್ತೊಂದು ವರ್ಷದಲ್ಲಿ ಅವನ ಚಪ್ಪಲಿಯ ತುದಿ ಕೂಡ ಆ ಉಕ್ಕಿಗೆ ತಗಲಿರಲಿಲ್ಲ.

ಅವನ ಎದೆಯಲ್ಲಿ ಒಂದು ಆಸೆ ಮಾತ್ರ ಯಾವ ತೂಕಕ್ಕೂ ಸಿಗದೆ ಕೂತಿತ್ತು. ಬಂದ ಡ್ರೈವರುಗಳನ್ನೆಲ್ಲ ಕೇಳುತ್ತಿದ್ದ: "ಈ ರಸ್ತೆ ಎಲ್ಲಿಗೆ ಹೋಗಿ ಮುಗಿಯುತ್ತಪ್ಪಾ?" ಒಬ್ಬ ಸಮುದ್ರಕ್ಕೆ ಅಂದ. ಇನ್ನೊಬ್ಬ, "ಮುಗಿಯಲ್ಲ ಸ್ವಾಮೀ, ಸುತ್ತಿ ಸುತ್ತಿ ನಿಮ್ಮ ಕಾಟಾಕ್ಕೇ ಬರುತ್ತೆ" ಅಂದ. ಮತ್ತೊಬ್ಬ ಮುದುಕ ಡ್ರೈವರು ಹೇಳಿದ್ದು ತಾತನ ಮನಸ್ಸಿಗೆ ನಾಟಿತು: "ಅಲ್ಲಿ ಕಡಲ ದಡದಲ್ಲಿ ಒಂದು ದೀಪಸ್ತಂಭ ಇದೆ. ಅದರ ಬುಡದಲ್ಲಿ ರಸ್ತೆ, ಇನ್ನು ನನ್ನ ಕೈಲಾಗಲ್ಲಪ್ಪಾ ಅಂತ ಕೂತುಬಿಟ್ಟಿದೆ." ಲಕ್ಷಾಂತರ ಗಾಡಿಗಳನ್ನು "ಮುಂದೆ ಹೋಗಿ" ಅಂತ ಕಳಿಸಿದವನು ತಾನು ಮಾತ್ರ ಮೂರನೆಯ ತಿರುವಿನ ಪಂಕ್ಚರ್ ಅಂಗಡಿ ದಾಟಿರಲಿಲ್ಲ. ದಾಟಬೇಕು, ಆ ದೀಪಸ್ತಂಭದ ಬುಡದಲ್ಲಿ ನಿಲ್ಲಬೇಕು. ಯಾರಿಗೂ ಹೇಳಿರಲಿಲ್ಲ. ಅಜ್ಜಿಗೆ ಗೊತ್ತಿತ್ತು, ಅದು ಬೇರೆ ಮಾತು. ಅಜ್ಜಿಗೆ ಗೊತ್ತಿಲ್ಲದ್ದು ಆ ಮನೆಯಲ್ಲಿ ಏನೂ ಇರಲಿಲ್ಲ.

ತಾತ ನಿವೃತ್ತನಾದ. ಜೊತೆಯವರು ನೆನಪಿಗೆಂದು ಇಪ್ಪತ್ತು ಕೆಜಿಯ ಕಬ್ಬಿಣದ ಪರೀಕ್ಷಾ ಬಟ್ಟೊಂದನ್ನು ಕನ್ನಡಿಯ ಹಾಗೆ ಹೊಳಪು ಕೊಟ್ಟು ಒಪ್ಪಿಸಿದರು. ಕಾಟಾ ಸರಿಯಿದೆಯೇ ಎಂದು ನೋಡಲು ಇಡುವ ತೂಕದ ಬಟ್ಟು ಅದು. ಬೇರೆಯವರಿಗಾದರೆ ಗಡಿಯಾರ ಕೊಡುತ್ತಾರೆ. ತಾತನಿಗೆ ಗಡಿಯಾರ ಕೊಟ್ಟಿದ್ದರೆ ಅದನ್ನೂ ತೂಗಿ ನೋಡುತ್ತಿದ್ದ.

ಮೂರು ತಿಂಗಳು ಕಳೆಯಿತು. ಶಾಲೆಗೆ ರಜೆ ಬಂತು. ಶಾಲೆಯಲ್ಲಿ ಟೀಚರಾಗಿದ್ದ ಮಗಳು ಒಂದು ಸಂಜೆ ಘೋಷಿಸಿದಳು: "ಅಪ್ಪಾ, ಕ್ಯಾರವಾನ್ ಬಾಡಿಗೆಗೆ ಹಿಡಿದಿದ್ದೀವಿ. ಹನ್ನೆರಡು ದಿನ. ಎಲ್ಲರೂ ಹೋಗೋಣ. ಈ ರಸ್ತೆ ಮುಗಿಯೋವರೆಗೂ."

ತಾತ ಪೇಪರಿನಿಂದ ತಲೆ ಎತ್ತಲಿಲ್ಲ. "ನನಗೇನು ಹೋಗಲೇಬೇಕು ಅಂತಿಲ್ಲ. ಮಕ್ಕಳಿಗೋಸ್ಕರ ಬರ್ತೀನಿ."

ಪೇಪರು ತಲೆಕೆಳಗಾಗಿತ್ತು. ಆಮೇಲೆ ಅವನು ಹಿತ್ತಲಿಗೆ ಹೋಗಿ ಒಬ್ಬನೇ ಸಿಳ್ಳೆ ಹಾಕಿದ ರಭಸಕ್ಕೆ ಪಕ್ಕದ ಮನೆಯಾಕೆ ಕುಕ್ಕರ್ ಕೂಗಿತೆಂದು ಓಡಿಹೋಗಿ ಒಲೆ ಆರಿಸಿದಳು.

ಗಾಡಿ ಬಂತು. ಚಕ್ರದ ಮೇಲೊಂದು ಮನೆ: ಒಳಗೆ ಅಡುಗೆಕಟ್ಟೆ, ಮಡಚುವ ಹಾಸಿಗೆ, ಒಬ್ಬರು ಉಸಿರು ಬಿಗಿಹಿಡಿದು ಹೋಗಬಹುದಾದ ಬಚ್ಚಲು. ಮಕ್ಕಳು ನೋಡಿದ ಕ್ಷಣವೇ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಮಕ್ಕಳು ಇಬ್ಬರು. ಹತ್ತು ವರ್ಷದ ಮೊಮ್ಮಗಳನ್ನು ಎಲ್ಲರೂ ಲಾಯರಮ್ಮ ಅನ್ನುತ್ತಿದ್ದರು. ಹಲ್ಲುಜ್ಜು ಅಂದರೆ ಯಾವ ಕಾನೂನಿನ ಪ್ರಕಾರ ಎಂದು ಕೇಳುವ ಹುಡುಗಿ. ಆರು ವರ್ಷದ ತಮ್ಮ ಬುಗುರಿ. ಅವನು ನಿಂತದ್ದನ್ನು ಹೆತ್ತ ತಾಯಿಯೂ ಕಂಡಿರಲಿಲ್ಲ, ನಿದ್ದೆಯಲ್ಲೂ ಮಂಚದ ನಾಲ್ಕು ಮೂಲೆ ಸುತ್ತುತ್ತಿದ್ದ.

ಗಾಡಿ ತಂದವನು ಬೀಗದ ಕೈ ಕೊಡುತ್ತಾ ಒಂದು ಮಾತು ಹೇಳಿದ: "ಗಾಡಿ, ಸಾಮಾನು, ಜನ ಎಲ್ಲಾ ಸೇರಿ ಮೂರೂವರೆ ಸಾವಿರ ಕೆಜಿ. ಅದಕ್ಕಿಂತ ಒಂದು ಕಡ್ಡಿ ಹೆಚ್ಚಾದರೂ ದಾರೀಲಿ ತಡೆದು ವಾಪಸ್ ಕಳಿಸ್ತಾರೆ."

ಉಳಿದವರ ಕಿವಿಗೆ ಅದು ಬೀಳಲೇ ಇಲ್ಲ. ತಾತನ ಕಿವಿ ಮಾತ್ರ ಮೊಲದ ಕಿವಿಯಂತೆ ನೆಟ್ಟಗಾಯಿತು. ಮೂರು ತಿಂಗಳಿಂದ ಮಾರುಕಟ್ಟೆಯಲ್ಲಿ ಟೊಮೆಟೊ ತೂಗುವವಳ ಕೈಯನ್ನೇ ನೋಡುತ್ತಾ ನಿಂತು ಬೈಸಿಕೊಳ್ಳುತ್ತಿದ್ದವನಿಗೆ ಯಾರೋ ಸಿಂಹಾಸನ ತಂದು ಇಟ್ಟಂತಾಯಿತು.

"ಇದನ್ನ ನನಗೆ ಬಿಡಿ," ಅಂದ.

ಬಿಟ್ಟರು. ಅಲ್ಲಿಗೆ ಮುಗಿಯಿತು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒಂದು ಸ್ಪ್ರಿಂಗ್ ತಕ್ಕಡಿ ನೇತುಬಿತ್ತು, ನಡುಮನೆಯಲ್ಲಿ ಮನುಷ್ಯರನ್ನು ತೂಗುವ ಯಂತ್ರ ಕೂತಿತು. ತೂಗದೆ ಒಂದು ಚಮಚವೂ ಗಾಡಿ ಹತ್ತುವಂತಿಲ್ಲ. ಪ್ರತಿಯೊಬ್ಬರಿಗೂ ಬಟ್ಟೆಬರೆ ಬಿಟ್ಟು ಸ್ವಂತ ಆಸೆಗೆಂದು ಎಂಟೆಂಟು ಕೆಜಿ. ಆ ಎಂಟು ಕೆಜಿಯಲ್ಲಿ ಏನಿದೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಕಾಟಾ ಸರಕಿನ ಜಾತಿ ಕೇಳುವುದಿಲ್ಲ, ತೂಕ ಮಾತ್ರ ಕೇಳುತ್ತದೆ.

ಆದ್ದರಿಂದ ಮಗಳು ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ತುಂಬಿದಳು. ಲಾಯರಮ್ಮ ಕಥೆಪುಸ್ತಕ ತುಂಬಿದಳು. ಅಜ್ಜಿ ತನ್ನ ತವರಿನ ಕಬ್ಬಿಣದ ಬಾಣಲೆಯನ್ನೂ ಅದರ ಜೊತೆಗಾರ ಸೌಟುಗಳನ್ನೂ ಇಟ್ಟಳು. ಬುಗುರಿ ಕಲ್ಲು ತುಂಬಿದ.

"ಕಲ್ಲಾ?" ಮಗಳು ಚೀಲದೊಳಗೆ ಇಣುಕಿ ಕೂಗಿದಳು. "ಅಪ್ಪಾ, ಇವನು ಏಳೂವರೆ ಕೆಜಿ ಕಲ್ಲು ಹಾಕ್ಕೊಂಡಿದ್ದಾನೆ!"

"ಎಂಟರ ಒಳಗಿದೆ," ಅಂದ ತಾತ. "ಪಾಸು."

"ದಾರಿಯುದ್ದಕ್ಕೂ ಕಲ್ಲೇ ತಾನೇ ಇರೋದು? ಇಲ್ಲಿಂದ ಯಾಕೆ ಹೊರಬೇಕು?"

"ಅವು ಬೇರೆ ಕಲ್ಲು," ಅಂದ ಬುಗುರಿ. "ನನ್ನ ಕಲ್ಲು ಊರು ನೋಡಬೇಕಂತೆ."

ತಾತ ಒಂದು ಕ್ಷಣ ಮೊಮ್ಮಗನ ಮುಖ ನೋಡಿ, ಪುಸ್ತಕದಲ್ಲಿ ಬರೆದುಕೊಂಡ.

ಕನ್ನಡಕದ ಅಂಗಡಿಯ ಅಳಿಯನದು ಇನ್ನೊಂದು ಕಥೆ. ಊರಿನವರಿಗೆಲ್ಲ ದೂರದೃಷ್ಟಿ ಮಾರುವ ಅವನು ಮಡಚುವ ಮೇಜು, ಆರು ಮಡಚುವ ಕುರ್ಚಿ, ಒಂದು ಭಾರಿ ಕೊಡೆ ಕೊಂಡು ತಂದಿದ್ದ. ಎಲ್ಲಾದರೂ ಮರದ ಕೆಳಗೆ ಸಂಸಾರ ಸಮೇತ ಕಾಲು ಚಾಚಿ ಕೂರಬೇಕೆಂಬುದು ಅವನ ಕನಸು.

"ಮರದ ಕೆಳಗೆ ಕೊಡೆ ಯಾಕೆ ಅಳಿಯಂದಿರೇ?" ಅಂದಳು ಅಜ್ಜಿ.

"ಮರ ಸಿಗದಿದ್ದರೆ ಅತ್ತೆ."

"ಸಿಗದಿದ್ದರೆ ನಿಮ್ಮ ಮಾವನ್ನ ನಿಲ್ಲಿಸಿ. ಅವರೂ ಕದಲಲ್ಲ."

ಇಪ್ಪತ್ತೆರಡು ಕೆಜಿ. ಸಾರ್ವಜನಿಕ ಪೀಠೋಪಕರಣ ಎಂಬ ಹೊಸ ಖಾತೆ ತೆರೆದು ತಾತ ಅದನ್ನೂ ಹತ್ತಿಸಿಕೊಂಡ. ನೀರಿನ ಟ್ಯಾಂಕು ಪೂರ್ತಿ ಖಾಲಿ ಮಾಡಿಸಿದ; ನೀರು ಊರೂರಲ್ಲೂ ಸಿಗುತ್ತದೆ, ಹೆಂಡತಿಯ ಬಾಣಲೆ ಸಿಗುವುದಿಲ್ಲ. ಹಲ್ಲುಜ್ಜುವ ಬ್ರಷ್ಷುಗಳ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ. ಇನ್ನು ಹತ್ತು ದಿನ ಬಿಟ್ಟಿದ್ದರೆ ಸಕ್ಕರೆಯಿಂದ ಸಿಹಿ ಬೇರೆ ಮಾಡಿ ಅದನ್ನಷ್ಟೇ ಒಯ್ಯುತ್ತಿದ್ದ.

ಲಾಯರಮ್ಮ ಪುಸ್ತಕದ ಮೇಲೆ ಬೆರಳಿಟ್ಟಳು. "ತಾತಾ, ಇಲ್ಲಿ 'ಇತರೆ, ಇಪ್ಪತ್ತು ಕೆಜಿ' ಅಂತಿದೆ. ಇತರೆ ಅಂದ್ರೆ ಏನು?"

"ಇತರೆ ಅಂದ್ರೆ ಇತರೆ."

"ಅದು ಉತ್ತರ ಅಲ್ಲ."

"ಅದು ಆಡಳಿತದ ವಿಷಯ. ಸಾಕ್ಷಿ ಇನ್ನು ಹೋಗಬಹುದು."

ಕೊನೆಗೆ ಜನರನ್ನು ತೂಗುವುದು ಉಳಿಯಿತು. ಅಜ್ಜಿ ಸೆರಗು ಬಿಗಿದು ಹತ್ತಿ, ಅಂಕಿ ನೋಡದೆ ಇಳಿದಳು. ಮಗಳು, ಅಳಿಯ, ಲಾಯರಮ್ಮ ಆಯಿತು. ಬುಗುರಿಯ ಸರದಿ ಬಂದಾಗ ಯಂತ್ರದ ಮುಳ್ಳಿಗೆ ತಲೆ ತಿರುಗಿತು. ಅವನು ಒಂಟಿಗಾಲಲ್ಲಿ ಕುಣಿದ, ಕುಪ್ಪಳಿಸಿದ, ಒಮ್ಮೆ ಹನ್ನೊಂದು ಕೆಜಿ ತೂಗಿದ, ಒಮ್ಮೆ ಮೂವತ್ತು ತೂಗಿದ. ತಾತ ಹೊಸಬನೇ? ಮೊಮ್ಮಗನನ್ನು ಎತ್ತಿ ಬಗಲಿಗೆ ಅವುಚಿಕೊಂಡು ತಾನೇ ಯಂತ್ರದ ಮೇಲೆ ನಿಂತ. ತೊಂಬತ್ತೆಂಟೂವರೆ. ಅದರಲ್ಲಿ ತನ್ನ ಎಪ್ಪತ್ತೆಂಟು ಕಳೆದ. ಬುಗುರಿ, ಇಪ್ಪತ್ತೂವರೆ. ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆದರೆ ಸರಕಿನ ತೂಕ ಸಿಗುತ್ತದೆ. ಮೂವತ್ತೊಂದು ವರ್ಷ ಅನ್ನ ಹಾಕಿದ ವಿದ್ಯೆ.

ಊಟದ ಹೊತ್ತಿಗೆ ಎಲ್ಲರ ಮುಂದೆ ಪಟ್ಟಿ ಓದಿದ. ಆದರೆ ತೂಕದ ಪಟ್ಟಿಯಲ್ಲಿ ಜನ ತಮ್ಮ ಹೆಸರಿನ ಮುಂದಿನದ್ದನ್ನಷ್ಟೇ ಕೇಳುತ್ತಾರೆ. ಅಳಿಯ ತನ್ನದು ಕೇಳಿ ತಟ್ಟೆ ದೂರ ತಳ್ಳಿದ. ಮಗಳು, "ಅಪ್ಪಾ, ಅದನ್ನ ಕೂಗಿ ಓದಬೇಕಾ?" ಎಂದು ರೇಗಿದಳು. ಆ ಗದ್ದಲದಲ್ಲಿ ತಾತ ಒಟ್ಟು ಹೇಳಿದ: "ಮೂರು ಸಾವಿರದ ನಾನೂರ ತೊಂಬತ್ತಾರು. ಮಿತಿಗೆ ನಾಲ್ಕು ಕಡಿಮೆ."

ನಾಲ್ಕು ಕೆಜಿ ಉಳಿಸಿದವನ ಮುಖದಲ್ಲಿ ನಾಲ್ಕು ರಾಜ್ಯ ಗೆದ್ದವನ ಕಳೆಯಿತ್ತು.

ಹೊರಡುವ ದಿನ ಬಿಸಿಲೇರುವ ಮೊದಲೇ ಮನೆಗಾಡಿ ಹೆದ್ದಾರಿಗೆ ಬಂತು. "ಒಂದು ಸಲ ಕಾಟಾ ಹತ್ತಿಸಿ ಹೋಗೋಣ," ಅಂದ ತಾತ. ಅವನ ಬಾಯಿಲೆಕ್ಕ ಯಂತ್ರಕ್ಕಿಂತ ಸರಿ ಎಂದು ಲೋಕಕ್ಕೆ ಕಾಣಬೇಕಲ್ಲ. ಕೋಣೆಯಲ್ಲಿ ಈಗ ಕೂತಿದ್ದವಳು ಹನ್ನೆರಡು ವರ್ಷ ಅವನ ಕೈಕೆಳಗೆ ಪಳಗಿದ ಹೆಂಗಸು. ಅವನು ನಿವೃತ್ತನಾದ ಮೇಲೆ ಅವಳೇ ಕಾಟಾದಮ್ಮ.

ಅಳಿಯ ಗಾಡಿಯನ್ನು ಹಾಸಿನ ಮೇಲೆ ಹತ್ತಿಸುವಷ್ಟರಲ್ಲಿ ತಾತ ಅಭ್ಯಾಸಬಲದಿಂದ ಬಾಗಿಲು ತೆರೆದು ಕೆಳಕ್ಕೆ ಹಾರಿ ಕಿಟಕಿಯ ಬಳಿ ಹೋಗಿ ನಿಂತಿದ್ದ. ಅಂಕಿ ಓಡಿತು, ನಡುಗಿತು, ನಿಂತಿತು.

ಮೂರು ಸಾವಿರದ ನಾನೂರ ತೊಂಬತ್ತೈದು.

"ನೋಡಿದ್ರಾ!" ತಾತ ಪುಸ್ತಕವನ್ನು ಗಾಳಿಯಲ್ಲಿ ಬೀಸಿದ. "ಒಂದು ಕೆಜಿ ಆಚೀಚೆ ಅಷ್ಟೇ! ಅದೂ ನಿನ್ನ ಯಂತ್ರಕ್ಕೆ ಐದರ ಒಳಗಿನದು ಕಾಣಲ್ಲ ಅಂತ!"

ಕಾಟಾದಮ್ಮ ಚಪ್ಪಾಳೆ ತಟ್ಟಿದಳು. ಹಿಂದೆ ಕಾಯುತ್ತಿದ್ದ ಸಿಮೆಂಟು ಲಾರಿಯವನು ಹಾರನ್ ಹೊಡೆದು ಅಭಿನಂದಿಸಿದ. ಗಾಡಿಯ ಕಿಟಕಿಯಿಂದ ಲಾಯರಮ್ಮನ ತಲೆ ಹೊರಬಂತು.

"ತಾತಾ, ಒಂದು ಪ್ರಶ್ನೆ. ನೀನು ನಮ್ಮ ಜೊತೆ ಬರ್ತೀಯ ತಾನೇ?"

"ಬರದೆ ಮತ್ತೆ?"

"ಹಾಗಾದ್ರೆ ಕೆಳಗೆ ಯಾಕೆ ನಿಂತಿದ್ದೀಯ?"

ತಾತ ತನ್ನ ಕಾಲು ನೋಡಿಕೊಂಡ. ಕಾಲು ನೆಲದ ಮೇಲಿತ್ತು. ಪುಸ್ತಕ ತೆರೆದ. ಅಜ್ಜಿ ಇದ್ದಳು, ಮಗಳಿದ್ದಳು, ಅಳಿಯ, ಇಬ್ಬರು ಮಕ್ಕಳು, ಬಾಣಲೆ, ಅರ್ಧ ಹಿಡಿಯ ಬ್ರಷ್ಷುಗಳು, ಎಲ್ಲಾ ಇದ್ದವು. ತಾನಿರಲಿಲ್ಲ. ಬುಗುರಿಯನ್ನು ತೂಗುವಾಗ ಖಾಲಿ ಲಾರಿಯೆಂದು ತನ್ನನ್ನು ಕಳೆದವನು ಮತ್ತೆ ಕೂಡಿಸಿಕೊಂಡಿರಲೇ ಇಲ್ಲ.

"ಗುರುಗಳೇ," ಅಂದಳು ಕಾಟಾದಮ್ಮ ಮೆಲ್ಲಗೆ, "ಹತ್ತಿ ನೋಡೋಣ."

ಮೂವತ್ತೊಂದು ವರ್ಷದ ಮೇಲೆ ತಾತ ಹಾಸಿನ ಮೇಲೆ ಕಾಲಿಟ್ಟ. ಗಾಡಿ ಹತ್ತಿದ. ಅಂಕಿ ಓಡಿತು. ಮೂರು ಸಾವಿರದ ಐನೂರ ಎಪ್ಪತ್ತೈದು.

ಸಿಮೆಂಟು ಲಾರಿಯವನು ಹಾರನ್ನಿನಿಂದ ಕೈ ತೆಗೆದ.

"ಬಿಟ್ಟುಬಿಡಮ್ಮಾ, ನಾವೇನು ಬೇರೆಯವರಲ್ಲ," ಅಂದ ಅಳಿಯ ಕಾಟಾದಮ್ಮನಿಗೆ.

ತಾತನೇ ಅಡ್ಡ ಬಂದ. "ಬಿಡಬಾರದು. ಬಿಟ್ಟರೆ ಇವಳಿಗೆ ನಾನು ಕಲಿಸಿದ್ದು ವ್ಯರ್ಥ." ಪುಸ್ತಕ ಮುಚ್ಚಿದ. "ಅದಕ್ಕೇನು, ನಾನು ಇಳೀತೀನಿ. ನನಗೇನು ಹೋಗಲೇಬೇಕು ಅಂತ ಇರಲಿಲ್ಲ. ನೀವು ಹೋಗಿ ಬನ್ನಿ. ಆ ದೀಪಸ್ತಂಭ... ಬಂದು ಹೇಗಿತ್ತು ಅಂತ ಹೇಳಿ."

ಇಳಿದೇಬಿಟ್ಟ. ಅಂಕಿ ಸರ್ರನೆ ನಾನೂರ ತೊಂಬತ್ತೈದಕ್ಕೆ ಇಳಿದು ನೆಮ್ಮದಿಯಾಗಿ ನಿಂತಿತು. ಆ ಅಂಕಿಯನ್ನು ತಾತ ಜೀವಮಾನದಲ್ಲಿ ಮೊದಲ ಬಾರಿಗೆ ದ್ವೇಷಿಸಿದ.

ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡಳು. ಕೈಯಲ್ಲಿ ಬಾಣಲೆ. ಹೊಡೆಯಲು ಬಂದಳೋ ಎಂದು ಸಿಮೆಂಟು ಲಾರಿಯವನು ಗಾಜು ಏರಿಸಿಕೊಂಡ.

"ರೀ, ಮೂವತ್ತೆಂಟು ವರ್ಷ ಹೊತ್ತಿದ್ದೀನಿ ಈ ತೂಕಾನ. ಇನ್ನು ಹನ್ನೆರಡು ದಿನ ಹೊರಲಾರೆನಾ?" ಬಾಣಲೆ, ಸೌಟು ಎಲ್ಲವನ್ನೂ ಕಾಟಾದಮ್ಮನ ಕಿಟಕಿಯಲ್ಲಿ ಇಟ್ಟಳು. "ಎಂಟು ಕೆಜಿ. ಬರೆದುಕೊಳ್ಳಿ."

"ನಿನ್ನ ತವರಿನ ಬಾಣಲೆ ಕಣೇ!"

"ತವರಿಂದ ತಂದದ್ದು ಬಾಣಲೆ ಒಂದೇ ಅಲ್ಲ, ಬುದ್ಧಿನೂ ತಂದಿದ್ದೆ. ಅದು ತೂಕ ಇಲ್ಲದ್ದು, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಬಟ್ಟೆ ಎಲ್ಲಿ?"

ತಾತ ಬೆಪ್ಪಾದ. ಪಟ್ಟಿಯಲ್ಲಿ ಇಲ್ಲದವನಿಗೆ ಚೀಲ ಎಲ್ಲಿಂದ?

"ನನ್ನ ಚೀಲದಲ್ಲಿದೆ. ನಾಲ್ಕು ಅಂಗಿ. ನೀವು ಮರೀತೀರ ಅಂತ ಗೊತ್ತಿತ್ತು, ನಿಮ್ಮನ್ನೇ ಮರೀತೀರ ಅಂತ ಗೊತ್ತಿರಲಿಲ್ಲ."

ಅಳಿಯ ನಿಟ್ಟುಸಿರಿಟ್ಟು ಮೇಜು, ಕುರ್ಚಿ, ಕೊಡೆಗಳ ಕಂತೆಯನ್ನು ಕೆಳಗಿಳಿಸಿದ. "ಬಿಡಿ ಮಾವ, ನೆಲದ ಮೇಲೇ ಕೂರೋಣ. ನೆಲಕ್ಕೆ ತೂಕ ಇಲ್ಲ." ಮಗಳು ಉತ್ತರಪತ್ರಿಕೆಗಳ ಕಟ್ಟನ್ನು ಇಳಿಸುವಾಗ ದುಃಖಪಟ್ಟಂತೆ ಕಂಡಳು; ಆದರೆ ಅವಳ ಕಾಲು ಸ್ವಲ್ಪ ಕುಣಿದದ್ದನ್ನು ಕಾಟಾದಮ್ಮ ನೋಡಿದಳು. ಲಾಯರಮ್ಮ ಎಂಟೂ ಕೆಜಿ ಪುಸ್ತಕ ಒಪ್ಪಿಸಿ, ಸೊಂಟದ ಮೇಲೆ ಕೈಯಿಟ್ಟು, "ಈಗ ಇತರೆ ಹೊರಗೆ ಬರಲಿ" ಅಂದಳು.

ತಾತ ಆಕಾಶ ನೋಡಿದ.

"ತಾತಾ."

ತಾತ ಗಾಡಿಯೊಳಗೆ ಹೋಗಿ, ಹಾಸಿಗೆಯ ಅಡಿಯಿಂದ ಕಂಬಳಿ ಸುತ್ತಿದ್ದ ಇಪ್ಪತ್ತು ಕೆಜಿಯ ಹೊಳೆಯುವ ಬಟ್ಟನ್ನು ಎತ್ತಿಕೊಂಡು ಬಂದ.

"ಕಬ್ಬಿಣದ ಬಟ್ಟಾ?" ಮಗಳಿಗೆ ನಗು ತಡೆಯಲಾಗಲಿಲ್ಲ. "ಇದನ್ನ ಯಾಕಪ್ಪಾ ತಂದೆ?"

"ದಾರೀಲಿ ಬೇರೆ ಬೇರೆ ಕಾಟಾಗಳು ಸಿಗುತ್ತವೆ," ಅಂದ ತಾತ ನೆಲ ನೋಡುತ್ತಾ. "ಸರಿ ಇವೆಯಾ ಅಂತ ನೋಡೋಣ ಅಂತ."

ಕಾಟಾದಮ್ಮ ಅದನ್ನು ಬಾಗಿಲಿಗೆ ಒತ್ತಾಗಿ ಇಟ್ಟಳು. "ಬರೋವರೆಗೂ ದಿನಾ ಒರೆಸ್ತೀನಿ ಗುರುಗಳೇ."

ತಾತನೂ ಉಳಿದವರೂ ಮತ್ತೆ ಗಾಡಿ ಹತ್ತಿದರು. ಎಲ್ಲರ ಕಣ್ಣು ಅಂಕಿಯ ಮೇಲೆ. ಮೂರು ಸಾವಿರದ ಐನೂರ ಹತ್ತು.

ಹತ್ತು ಹೆಚ್ಚು. ಇನ್ನು ಇಳಿಸಲು ಏನಿದೆ? ಯಾರೂ ಬುಗುರಿಯ ಕಡೆ ನೋಡಲಿಲ್ಲ. ನೋಡದಿರಲು ಅವರು ಪಟ್ಟ ಕಷ್ಟವೇ ಎರಡು ಕೆಜಿ ತೂಗುತ್ತಿತ್ತು. ಬುಗುರಿ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೂಲೆಯಲ್ಲಿ ಕೂತಿದ್ದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅಲ್ಲಾಡದೆ ಕೂತಿದ್ದ.

"ಬೇಡ ಮರೀ," ಅಂದ ತಾತ. "ನಿನ್ನ ಕಲ್ಲು ಊರು ನೋಡಬೇಕಲ್ಲ. ಅವು ಹೋಗಲಿ. ನಾನು ಇನ್ನೊಂದು ಸಲ ನೋಡ್ತೀನಿ."

ಬುಗುರಿ ತಾತನನ್ನೂ ಚೀಲವನ್ನೂ ಬಹಳ ಹೊತ್ತು ತೂಗಿ ನೋಡಿದ. "ಕಲ್ಲುಗಳಿಗೆ ಇನ್ನೊಂದು ಸಲ ಇರುತ್ತೆ ತಾತಾ. ಅವಕ್ಕೆ ವಯಸ್ಸಾಗಲ್ಲ," ಅಂದ.

ಆಮೇಲೆ ಒಂದೊಂದೇ ಕಲ್ಲನ್ನು ಕಿಟಕಿಯಿಂದ ಕಾಟಾದಮ್ಮನ ಕೈಗೆ ದಾಟಿಸಿದ. ಪ್ರತಿಯೊಂದಕ್ಕೂ ಅದು ಯಾರು, ಎಲ್ಲಿ ಸಿಕ್ಕಿತು, ರಾತ್ರಿ ಹೆದರುತ್ತದೆಯೋ ಇಲ್ಲವೋ ಎಂಬ ವಿವರ. ಸಿಮೆಂಟು ಲಾರಿಯ ಹಿಂದೆ ಈಗ ಏಳು ಲಾರಿ ನಿಂತಿದ್ದವು. ಯಾವ ಡ್ರೈವರೂ ಹಾರನ್ ಹೊಡೆಯಲಿಲ್ಲ; ಎಲ್ಲರೂ ಇಳಿದು ಬಂದು ಕಲ್ಲುಗಳ ಪರಿಚಯ ಮಾಡಿಕೊಳ್ಳುತ್ತಿದ್ದರು. ಕೊನೆಗೆ ಒಂದು ಉಳಿಯಿತು. ಬೂದು ಬಣ್ಣದ್ದು, ನಡುವೆ ಬಿಳಿ ಗೆರೆ.

"ಇದೊಂದು ಇಟ್ಕೋಬಹುದಾ? ಇದು ರಸ್ತೆ ಕಲ್ಲು. ನೋಡು, ಗೆರೆ ಇದೆ."

ಅಂಕಿ ಆಗಲೇ ಸರಿಯಾಗಿ ಮೂರೂವರೆ ಸಾವಿರಕ್ಕೆ ಬಂದು ನಿಂತಿತ್ತು. ಆದರೆ ತಾತ ಕಣ್ಣಲ್ಲೇ ತೂಗುವವನು. ಕಲ್ಲು ಅರ್ಧ ಕೆಜಿ ಎಂದು ಅವನಿಗೆ ಗೊತ್ತು. ಯಂತ್ರಕ್ಕೆ ಕಾಣದೆ ಮಿತಿ ಮೀರಿದ ಒಂದು ಕೆಜಿ ಒಳಗೆಲ್ಲೋ ಅಡಗಿದೆಯೆಂದೂ ಗೊತ್ತು. ಮೀಸೆಗೂ ವಿನಾಯಿತಿ ಕೊಡದವನು ಕಾಟಾದಮ್ಮನ ಕಡೆ ನೋಡಿದ. ಅವಳು ತಕ್ಷಣ ಪೆನ್ನು ಹುಡುಕತೊಡಗಿದಳು. ಪೆನ್ನು ಅವಳ ಕಿವಿಯ ಮೇಲೇ ಇತ್ತು.

"ಐದರ ಒಳಗಿನದು ಈ ಕಾಟಾಕ್ಕೆ ಕಾಣಲ್ಲ ಮರೀ," ಅಂದ ತಾತ. "ಕಾಟಾಕ್ಕೆ ಕಾಣದ್ದು ತಾತನಿಗೂ ಕಾಣಲ್ಲ."

ಅಷ್ಟು ಅಂದರೂ ಕೈ ಸುಮ್ಮನಿರಲಿಲ್ಲ. ತೂಕದ ಪುಸ್ತಕವನ್ನು ಕಿಟಕಿಯಿಂದ ಅವಳಿಗೆ ಕೊಟ್ಟುಬಿಟ್ಟ. "ಇದೂ ನಿನ್ನ ಹತ್ತಿರವೇ ಇರಲಿ. ದಾರೀಲಿ ಬೇಕಾಗಲ್ಲ."

ಅವಳು ಮೈಕು ಹತ್ತಿರ ಎಳೆದುಕೊಂಡಳು. ತಾತ ಲಕ್ಷಾಂತರ ಸಲ ಆಡಿದ ಮಾತು, ಆದರೆ ಹಾಸಿನ ಮೇಲೆ ಕೂತು ಅದನ್ನು ಕೇಳಿದವನಲ್ಲ. "ಆಯ್ತು ಗುರುಗಳೇ," ಅಂದಿತು ಮೈಕು, "ಮುಂದೆ ಹೋಗಿ."

ಮನೆಗಾಡಿ ಹಾಸಿನಿಂದ ಇಳಿಯಿತು. ಮೊದಲನೆಯ ತಿರುವು ಹೋಯಿತು, ಎರಡನೆಯದು ಹೋಯಿತು. ತಾತ ಕಿಟಕಿಗೆ ಮೂಗು ಒತ್ತಿ ಕೂತಿದ್ದ, ಪಕ್ಕದಲ್ಲಿ ಬುಗುರಿ, ಬುಗುರಿಯ ತೊಡೆಯ ಮೇಲೆ ಕಲ್ಲು. ಪಂಕ್ಚರ್ ಅಂಗಡಿ ಬಂತು, ಹಿಂದಕ್ಕೆ ಸರಿಯಿತು.

"ಇನ್ನೂ ಎಷ್ಟು ದೂರ?" ಅಂದ ತಾತ.

"ತಾತಾ," ಅಂದ ಬುಗುರಿ ದೊಡ್ಡವರ ತಾಳ್ಮೆಯಿಂದ, "ಈಗ ತಾನೇ ಹೊರಟಿದ್ದೀವಿ. ಸುಮ್ಮನೆ ಕೂತ್ಕೋ."